ಬೋಗ್ನಾ ಬರೆಯದ ಕಣ್ಣು

ಬೋಗ್ನಾ ಕ್ರುಕ್ ಮಾತಾಡುವಾಗ ಎದುರಿಗಿದ್ದವರ ಕಣ್ಣನ್ನಲ್ಲ, ಕಿವಿಯನ್ನು ನೋಡುತ್ತಿದ್ದರು. ಪೋಜ್ನಾನ್ ಪಟ್ಟಣದ ನಮ್ಮ ಬೀದಿಗೆ ಹೊಸದಾಗಿ ಬಂದವರು ಸಾಬೂನಿನ ನೊರೆ ಉಳಿದಿದೆಯೇನೋ ಎಂದು ಕಿವಿ ಒರೆಸಿಕೊಳ್ಳುವುದಿತ್ತು. ಹಳಬರಾದ ನಮಗೆ ಮಾತ್ರ ಒಳಗೊಳಗೇ ನಡುಕ ಹುಟ್ಟುತ್ತಿತ್ತು. ಏಕೆಂದರೆ ಈಕೆ ನಮ್ಮೆಲ್ಲರ ಮುಖಗಳನ್ನೂ ಆರುಮೂಲೆಯ ತಗಡುಗಳ ಮೇಲೆ ಬರೆದಿಟ್ಟಿದ್ದರು, ಮತ್ತು ಆರುಮೂಲೆಯ ತಗಡು ಯಾವುದಕ್ಕೆಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಮುನ್ನೂರು ವರ್ಷಗಳ ಹಿಂದೆ ನಮ್ಮ ಹಿರಿಯರು ಸತ್ತವನ ಮುಖವನ್ನು ಹೀಗೆ ಬರೆಸಿ ಶವಪೆಟ್ಟಿಗೆಯ ತಲೆಯ ಕಡೆಗೆ ಮೊಳೆ ಹೊಡೆಯುತ್ತಿದ್ದರು. ತನ್ನನ್ನು ಕಳಿಸಿಕೊಡಲು ಯಾರು ಬಂದರು, ಯಾರು ಬರಲಿಲ್ಲ ಎಂದು ಆತನೇ ನೋಡಿಕೊಳ್ಳಲಿ ಎಂದು.

ಬೋಗ್ನಾ ಅದನ್ನು ಬದುಕಿರುವವರಿಗೆ ಮಾಡುತ್ತಿದ್ದರು. ಅದೂ ನಾಮದಿನದ, ಅಂದರೆ ಅವರವರ ಹೆಸರಿನ ಸಂತನ ಹಬ್ಬದ, ಉಡುಗೊರೆಯೆಂದು! ಗಂಡನ ಹಳೆಯ ರೈಲ್ವೆ ಕೋಟು ತೊಟ್ಟು, ಅದರ ಜೇಬಿನಲ್ಲಿ ತಗಡು ಕತ್ತರಿ ಇಟ್ಟುಕೊಂಡು, ಗೋಡೆಗೆ ಒತ್ತಿಕೊಂಡಂತೆ ಓರೆಯಾಗಿ ನಡೆದುಬರುತ್ತಿದ್ದರು. ಬಾಗಿಲಲ್ಲಿ ಕೈ ಚಾಚಿದರೆ, "ಹೊಸ್ತಿಲ ಮೇಲಿಂದ ಕೈ ಕುಲುಕಬೇಡ ಮಾರಾಯ, ಜಗಳ ಆಗತ್ತೆ" ಎಂದು ಗದರಿಸಿ ಒಳಗೆ ಬಂದು ಕೂರುತ್ತಿದ್ದರು. ನನ್ನ ಮುಖವನ್ನು ಮೂರು ದಿನ ಬರೆದರು. ಸುಕ್ಕು, ಮಚ್ಚೆ, ಹಲ್ಲು ಹೋದ ಕೆನ್ನೆಯ ಗುಳಿ, ಒಂದನ್ನೂ ಬಿಡಲಿಲ್ಲ. ಕಣ್ಣುಗಳ ಜಾಗದಲ್ಲಿ ಮಾತ್ರ ಬರಿಯ ತಗಡು ಹೊಳೆಯುತ್ತಿತ್ತು.

"ಕಣ್ಣೆಲ್ಲಿ, ಬೋಗ್ನಾ ಅಮ್ಮಾ?" ಎಂದೆ.

"ಅವಸರ ಏನು? ಆ ದಿನ ಬಂದಾಗ ಹಾಕ್ತೀನಿ. ಅಲ್ಲೀವರೆಗೂ ನೀನು ಎಲ್ಲಿಗೂ ಹೋಗೋ ಹಾಗಿಲ್ಲ."

ತಮಾಷೆಯೆಂದುಕೊಂಡು ನಕ್ಕೆ. ಅವರು ನಗಲಿಲ್ಲ. ಬೀದಿಯಲ್ಲಿ ಯಾರಾದರೂ ತೀರಿಕೊಂಡರೆ ಪಾದ್ರಿಗಿಂತ ಮೊದಲು ಸಣ್ಣ ಕುಂಚ ಹಿಡಿದು ಬೋಗ್ನಾ ಹಾಜರಾಗುತ್ತಿದ್ದರು. ಕಣ್ಣು ಬಂದ ತಗಡಿನ ಮುಂದೆ ನಿಲ್ಲುವ ಧೈರ್ಯ ನನಗಂತೂ ಇರಲಿಲ್ಲ. ಎತ್ತ ಸರಿದರೂ ಅದು ಹುಡುಕಿಕೊಂಡು ಬರುತ್ತಿತ್ತು.

ಅವರ ಗಂಡ ಜೆನೊನ್‌ರ ತಗಡು ಹನ್ನೊಂದು ವರ್ಷದಿಂದ ಕುರುಡಾಗಿಯೇ ಇತ್ತು. ಜೆನೊನ್ ರೈಲ್ವೆಯಲ್ಲಿ ದುಡಿದು ನಿವೃತ್ತರಾದ ಹಸನ್ಮುಖಿ, ಎಡಗಣ್ಣು ಮೂಗಿನ ಕಡೆಗೆ ಕೊಂಚ ಮೆಳ್ಳೆ. ಆ ವಸಂತದಲ್ಲಿ ಅವರ ಹೃದಯದ ವಿಷಯಕ್ಕೆ ವೈದ್ಯರು ಕೈಚೆಲ್ಲಿದ್ದರು. ತಾನು ಕಣ್ಣು ಹಾಕದಿರುವವರೆಗೆ ಈತ ಹೋಗುವುದಿಲ್ಲವೆಂದು ಬೋಗ್ನಾ ಗಟ್ಟಿಯಾಗಿ ನಂಬಿದ್ದರು.

ಅದೇ ಸಮಯಕ್ಕೆ ಸ್ವೀಡನ್ನಿನ ಮಾಲ್ಮೊ ಪಟ್ಟಣದಲ್ಲಿ ಪ್ರದರ್ಶನಕ್ಕೆ ಕರೆ ಬಂತು. "ಹೋಗಿ ಬಾ, ನಾನೇನು ಓಡಿಹೋಗ್ತೀನಾ?" ಎಂದು ಜೆನೊನ್ ಹಟ ಹಿಡಿದರು. ತಗಡುಗಳನ್ನು ಕಂಬಳಿಯಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬಿದವರೂ ಅವರೇ. ಪ್ರದರ್ಶನದ ವಿವರಪತ್ರ ಬರೆದುಕೊಡಲು ಒಪ್ಪಿದ್ದ ನನ್ನನ್ನು ಬೋಗ್ನಾ ಜೊತೆಗೆ ಎಳೆದುಕೊಂಡು ಹೋದರು.

ಹಡಗು ಕಟ್ಟುತ್ತಿದ್ದ ಹಳೆಯ ಶೆಡ್ಡು, ಬೆಳಗಿನ ಹೊತ್ತು. ಮೂವತ್ತೊಂಬತ್ತು ಮುಖಗಳನ್ನು ನೆಲದ ಮೇಲೆ ಹರಡಿದೆವು, ಒಂದಕ್ಕೂ ಕಣ್ಣಿಲ್ಲ. ನಲವತ್ತನೆಯದರ ಕಂಬಳಿ ಬಿಚ್ಚಿದಾಗ ಜೆನೊನ್ ನಮ್ಮನ್ನು ನೋಡುತ್ತಿದ್ದರು.

"ನಾನು ಹಾಕಿಲ್ಲ" ಎಂದರು ಬೋಗ್ನಾ. "ದೇವರಾಣೆ ನಾನು ಹಾಕಿಲ್ಲ ಕಣೋ."

ನಾನೇ ಅವರ ಮನೆಗೆ ಫೋನು ಹಚ್ಚಿದೆ. ಗಂಟೆ ಹೊಡೆದುಕೊಳ್ಳುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಇಂಥದ್ದಕ್ಕೆಲ್ಲ ನಗುವವನು ನಾನು. ಅಂದು ನಗಲಿಲ್ಲ, ಫೋನನ್ನು ಕಿವಿಗೆ ಒತ್ತಿಕೊಂಡೇ ನಿಂತೆ. ಬೋಗ್ನಾ ತಗಡಿನ ಮೇಲೆ ಬಾಗಿ, ತುಂಬ ಹೊತ್ತು ನೋಡಿ, ಸಣ್ಣಗೆ ಉಸಿರೆಳೆದುಕೊಂಡರು. ಅಷ್ಟರಲ್ಲಿ ಆ ಕಡೆಯಿಂದ ದನಿ ಬಂತು: "ಯಾರು? ಸಾರು ಉಕ್ತಾ ಇದೆ, ಬೇಗ ಹೇಳಿ."

ಬೋಗ್ನಾ ಫೋನು ಕಿತ್ತುಕೊಂಡರು. "ಕನ್ನಡಿ ಮುಂದೆ ಕೂತು ಬರೆದೆಯಾ?"

"ಗೊತ್ತಾಗೋಯ್ತಾ?"

"ಮೆಳ್ಳೆ ಬಲಗಣ್ಣಿಗೆ ಬಂದಿದೆಯಲ್ಲೋ, ಮಂಕೇ!"

ಜೆನೊನ್ ನಕ್ಕರು, ಕೆಮ್ಮು ಬಂತು. ಆಮೇಲೆ, "ನಿನ್ನ ಕೈಲಿ ಆಗಲ್ಲ ಅಂತ ಗೊತ್ತಿತ್ತು, ಬೋಗ್ನುಶಾ. ನನಗೂ ಸಾಕಾಗಿದೆ. ಇನ್ನು ಬಿಟ್ಟುಬಿಡು" ಎಂದರು.

ಬೋಗ್ನಾ ಕೋಟಿನ ಜೇಬಿನಿಂದ ಬಣ್ಣ ಕೆರೆಯುವ ಚಾಕು ತೆಗೆದರು. ಅದರ ಮೊನೆಯನ್ನು ಆ ಕಣ್ಣಪಾಪೆಗೆ ಆನಿಸಿದರು. ಎರಡು ಉಜ್ಜು ಉಜ್ಜಿದ್ದರೆ ಬರಿಯ ತಗಡು ಮತ್ತೆ ಕಾಣುತ್ತಿತ್ತು, ಅವರ ನಂಬಿಕೆಯಂತೆ ಗಂಡನೂ ಉಳಿಯುತ್ತಿದ್ದ. ಆ ತಪ್ಪು ಮೆಳ್ಳೆಯ ನೋಟ ನಮ್ಮಿಬ್ಬರ ಮೇಲೂ ಕದಲದೆ ನಿಂತಿತ್ತು. ಬೋಗ್ನಾ ಚಾಕು ಮಡಚಿ ಕೆಳಗಿಟ್ಟು, ನೆಲದ ಮೇಲೆ ಕೂತು ಗಟ್ಟಿಯಾಗಿ ಅತ್ತರು. ನನಗೂ ತಡೆಯಲಾಗಲಿಲ್ಲ.

ನಾವು ಮರಳಿದ ಒಂಬತ್ತನೆಯ ದಿನ ಜೆನೊನ್ ಹೋದರು. ಶವಪೆಟ್ಟಿಗೆಗೆ ಆ ತಗಡನ್ನು ಬೋಗ್ನಾ ಹಾಗೆಯೇ ಹೊಡೆದರು. ಮೆಳ್ಳೆಯನ್ನಾದರೂ ಸರಿಮಾಡು ಎಂದು ನಾದಿನಿ ಪಿಸುಗುಟ್ಟಿದಾಗ, "ಅವನು ತನಗೆ ತಾನು ಹಾಗೇ ಕಾಣ್ತಿದ್ದ" ಎಂದರು, ಅಷ್ಟೇ.

ಮುಖ ಬರೆಯುವವರಲ್ಲಿ ಇಂಥದೊಂದು ಜಾತಿಯಿದೆ. ತಾವು ಪ್ರೀತಿಸಿದವರನ್ನು, ಬರೆಯದೆ ಉಳಿಸಿಕೊಂಡ ಒಂದು ಗೆರೆಯಿಂದ ಇಲ್ಲಿಗೆ ಕಟ್ಟಿಹಾಕಿರುತ್ತಾರೆ. ಕಟ್ಟಿಸಿಕೊಂಡವರಿಗೆ ಅದು ತಿಳಿದಿರುತ್ತದೆ. ಅವರು ನೋವು ನುಂಗಿ, ಇವರಿಗಾಗಿ, ಆದಷ್ಟು ದಿನ ಇರುತ್ತಾರೆ. ಕೊನೆಗೊಂದು ದಿನ ಗಂಟು ಬಿಚ್ಚುವ ಕೆಲಸವನ್ನೂ ಅವರೇ ಮಾಡಿಕೊಳ್ಳಬೇಕಾಗುತ್ತದೆ.