ಸಾಯ್ಕಲಳ ಎದೆಬಡಿತ

ಸಾಯ್ಕಲಳಿಗೆ ಸಕ್ಕರೆ ಕಾಯಿಲೆ ಬಂದಾಗ ಹನ್ನೊಂದು ವರ್ಷ. ಈಗ ಹದಿನೈದು. ಅಪ್ಪ ಅಮ್ಮ ಕುರಿಮಂದೆಯೊಂದಿಗೆ ಮೇಲಿನ ಕಣಿವೆಯಲ್ಲಿದ್ದಾರೆ. ಇನ್ಸುಲಿನ್ ಸಿಗುವುದು ಕೆಳಗಿನ ನಾರಿನ್ ಪಟ್ಟಣದಲ್ಲಿ. ಹಾಗಾಗಿ ಅವಳಿರುವುದು ದೊಡ್ಡಮ್ಮ ಗುಲ್ಸಾರಳ ಮನೆಯಲ್ಲಿ. ಗುಲ್ಸಾರ ಸೂಜಿಯ ಹೊತ್ತು ತಪ್ಪಿಸುವವಳಲ್ಲ, ಆದರೆ ಮಾತಿನವಳೂ ಅಲ್ಲ.

ಮಾರ್ಚ್‌ನಲ್ಲಿ ಡಾಕ್ಟರು ದೊಡ್ಡಮ್ಮನಿಗೆ, "ಇವಳ ಸಕ್ಕರೆ ಹಿಡಿತದಲ್ಲಿಡಿ, ಇಲ್ಲದಿದ್ರೆ ಮುಂದೆ ಹೃದಯಕ್ಕೆ ಪೆಟ್ಟು" ಎಂದದ್ದು ಸಾಯ್ಕಲಳ ಕಿವಿಗೆ ಬಿತ್ತು. ಅಂದಿನಿಂದ ಅವಳು ಗಳಿಗೆಗೊಮ್ಮೆ ನಾಡಿ ಹಿಡಿದು ನೋಡತೊಡಗಿದಳು. ವಾಲಿಬಾಲ್ ಬಿಟ್ಟಳು. ತರಗತಿಯಲ್ಲಿ ಎದೆ ಡವಗುಟ್ಟಿದರೆ, ಸಕ್ಕರೆ ಇಳಿಯಿತೇನೋ ಎಂದು ಮಿಠಾಯಿ ಬಾಯಿಗೆ ಹಾಕಿಕೊಳ್ಳುವಳು. ಮನೆಗೆ ಬಂದು ಬೆರಳು ಚುಚ್ಚಿ ಮೀಟರಿನಲ್ಲಿ ನೋಡಿದರೆ ಹದಿನಾರು; ಅಲ್ಲಿನ ಅಳತೆಯಲ್ಲಿ ಹತ್ತು ದಾಟಬಾರದು.

"ಶುರುವಾಯ್ತು ನೋಡ್ರೇ ಮಿಠಾಯಿ ರಾಣೀದು," ಎಂದು ಹಿಂದಿನ ಬೆಂಚಿನ ಜಿಬೆಕ್ ನಕ್ಕಳು. ಸಾಯ್ಕಲಳೂ ನಕ್ಕಳು.

ಅಮ್ಮ ವಾರಕ್ಕೊಮ್ಮೆ ಸಿಗ್ನಲ್ ಸಿಗಲೆಂದು ಗುಡ್ಡ ಹತ್ತಿ ಫೋನ್ ಮಾಡುವಳು.

"ಚೆನ್ನಾಗಿದೀಯಾ ಮಗಳೇ?"

"ಹ್ಞೂಂ. ಕುರಿ ಈದ್ವಾ?"

"ಎಂಬತ್ತು ಮರಿ. ನಿದ್ದೇನೇ ಇಲ್ಲ ಕಣೇ ನಂಗೆ."

ಆಮೇಲೆ ತನ್ನದೇನು ಹೇಳುವುದು?

ಒಂದು ಮಧ್ಯಾಹ್ನ ಶಾಲೆಯ ಮೆಟ್ಟಿಲ ಮೇಲೆ ಅವಳ ಕೈಕಾಲು ತಣ್ಣಗಾದವು, ಉಸಿರು ಸಿಕ್ಕಿಕೊಂಡಿತು. ಸತ್ತೇಹೋಗುತ್ತೇನೆ ಅನ್ನಿಸಿತು. ಯಾರನ್ನೂ ಕರೆಯದೆ, ಗೋಡೆ ಹಿಡಿದುಕೊಂಡು ಆಸ್ಪತ್ರೆಗೆ ನಡೆದಳು. ಅಲ್ಲಿ ಅನಾರ್ಕುಲ್ ಎಂಬ ವಯಸ್ಸಾದ ಡಾಕ್ಟರು ಅವಳ ಊಟ, ಆಟ ಎಲ್ಲ ವಿಚಾರಿಸಿ, ಸಕ್ಕರೆ ನೋಡಿ, ಇಸಿಜಿ ತೆಗೆದರು.

"ಹೃದಯ ಸರಿಯಾಗಿದೆ ಕಣಮ್ಮ. ಸಕ್ಕರೆ ಏಳು. ಇದು ಹೆದರಿಕೆ."

"ನಾಟಕ ಅಂತೀರಾ?"

"ನಾಟಕ ಅಂದ್ನಾ ನಾನು? ಹೆದರಿಕೇನೂ ಕಾಯಿಲೇನೇ. ಹೆದರಿ ಮಿಠಾಯಿ ತಿಂತೀಯ, ಆಟ ಬಿಟ್ಟಿದೀಯ. ವರ್ಷಗಟ್ಟಲೆ ಹೀಗೇ ನಡೆದ್ರೆ ಹೃದಯಕ್ಕೆ ನಿಜವಾಗ್ಲೂ ತೊಂದ್ರೆ. ಮೀಟರು ಜೊತೇಲಿಟ್ಕೋ, ನೋಡಿ ತಿನ್ನು. ಗುರುವಾರ ಗುರುವಾರ ಬಾ, ಮಾತಾಡೋಣ."

ಮೊದಲೆರಡು ಗುರುವಾರ ಅವಳು ಚಹಾ ಕುಡಿದು ಸುಮ್ಮನೆ ಎದ್ದು ಬಂದಳು. ಮೂರನೆಯ ಸಲ ಬಾಯಿ ಬಿಟ್ಟಳು: "ಒಬ್ಳೇ ಇದ್ದಾಗ ಸತ್ತೋದ್ರೆ ಅಂತ ಭಯ." ಹೇಳಿದ ಮೇಲೆ ತುಂಬಾ ಹೊತ್ತು ಅತ್ತಳು.

ಅಂದು ಸಂಜೆ ಅದೇ ಮಾತನ್ನು ದೊಡ್ಡಮ್ಮನಿಗೂ ಹೇಳಿದಳು. ಹಿಟ್ಟು ನಾದುತ್ತಿದ್ದ ಗುಲ್ಸಾರಳ ಕೈ ನಿಂತಿತು.

"ನಂಗ್ಯಾಕೆ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ಲ ದೊಡ್ಡಮ್ಮ."

ಗುಲ್ಸಾರ ಪಕ್ಕಕ್ಕೆ ಸರಿದು ಅವಳಿಗೆ ಜಾಗ ಮಾಡಿದಳು. ಹಿಟ್ಟಿನಲ್ಲಿ ಅರ್ಧ ಮುರಿದು ಸಾಯ್ಕಲಳತ್ತ ಸರಿಸಿದಳು. ಇಬ್ಬರೂ ಜೊತೆಯಾಗಿ ನಾದತೊಡಗಿದರು.