ಎರಡನೆಯ ಬಡಿತ

ನಮ್ಮ ಕಾರ್ಖಾನೆಯಲ್ಲಿ ಒಂದು ಬಡಿತಕ್ಕೆ ಒಂದು ಅರ್ಥ, ಎರಡು ಬಡಿತಕ್ಕೆ ಇನ್ನೊಂದು. ಉದ್ದನೆಯ ಕೋಣೆಯ ಆ ತುದಿಯಲ್ಲಿ ಲೇತ್ ಯಂತ್ರವಿದೆ. ಅದರ ಸ್ವಿಚ್ಚು ಈ ತುದಿಯ ಗೋಡೆಯ ಮೇಲಿತ್ತು. ಅಪ್ಪನ ಕಾಲದಲ್ಲಿ ವೈರಿಂಗ್ ಮಾಡಿದವನು ತನಗೆ ಅನುಕೂಲವಾದ ಕಡೆ ಅದನ್ನು ಕೂರಿಸಿ ಹೋಗಿದ್ದ. ಹಾಗಾಗಿ ಲೇತಿನ ಮುಂದೆ ಒಬ್ಬರು ನಿಂತರೆ ಸ್ವಿಚ್ಚಿನ ಬಳಿ ಇನ್ನೊಬ್ಬರು ನಿಲ್ಲಬೇಕು. ಧೂಳು ಎಳೆಯುವ ಫ್ಯಾನಿನ ಗದ್ದಲದಲ್ಲಿ ಕೂಗಿದ್ದು ಕೇಳಿಸದು. ಅದಕ್ಕೇ ಲೇತಿನ ಮುಂದಿರುವವನು ಅದರ ಕಬ್ಬಿಣದ ಹಾಸಿನ ಮೇಲೆ ಬಡಿಯುತ್ತಾನೆ. ಒಂದು ಬಡಿತವೆಂದರೆ ತಡಿ. ಎರಡೆಂದರೆ ಹಾಕು.

ಏಳು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಅಣ್ಣ ಒಮ್ಮೆ ಬಡಿದ. ಎರಡನೆಯದು ಹೇಗೂ ಬರುತ್ತದೆಂದುಕೊಂಡು ನಾನು ಸ್ವಿಚ್ಚು ಒತ್ತಿದೆ. ಅದು ಬರಲಿಲ್ಲ.

ಅಣ್ಣನ ಎಡಗೈಯ ಉಂಗುರ ಬೆರಳು, ಕಿರುಬೆರಳು ಎರಡೂ ಹೋದವು. ಆಸ್ಪತ್ರೆಯಲ್ಲಿ ಎಚ್ಚರವಾದಾಗ ಅವನು ನೋವೆನ್ನಲಿಲ್ಲ, ನೀರು ಕೇಳಲಿಲ್ಲ.

"ಎಷ್ಟು ಸಲ ಬಡಿದೆ ಕಣೇ ನಾನು?" ಎಂದು ಕೇಳಿದ.

"ಎರಡು," ಎಂದೆ.

"ಹೌದಾ?" ಅವನು ಪಟ್ಟಿ ಸುತ್ತಿದ ಕೈಯನ್ನು ನೋಡಿಕೊಂಡ. "ಹಾಗಾದ್ರೆ ತಪ್ಪು ನಂದೇ ಬಿಡು."

ಆ ಒಂದು ಮಾತಿನ ಮೇಲೆ ನಮ್ಮ ಮನೆ ಏಳು ವರ್ಷ ನಿಂತಿತ್ತು. ಅಣ್ಣ ಲೇತಿಗೆ ಮರಳಿದ. ಆದರೆ ಗಿಟಾರ್ ನುಡಿಸುವುದನ್ನು ಬಿಟ್ಟುಬಿಟ್ಟ. ನಾವು ಮಾಡುವುದು ರೆಸೊನೇಟರ್ ಗಿಟಾರ್. ಅದರ ಹೊಟ್ಟೆಯೊಳಗೆ ತೆಳುವಾದ ಅಲ್ಯೂಮಿನಿಯಂ ಬಟ್ಟಲೊಂದು ಕೂತಿರುತ್ತದೆ. ತಂತಿಯ ನಡುಕವನ್ನು ನುಂಗಿ ದೊಡ್ಡ ದನಿಯಾಗಿ ಹೊರಗೆ ಬಿಡುವುದು ಆ ಬಟ್ಟಲು. ಲೇತಿನಲ್ಲಿ ತಗಡು ತಿರುಗಿಸಿ ಬಟ್ಟಲು ಮಾಡುವುದು ಅಣ್ಣನ ಕೆಲಸ, ಮರದ ಕೆಲಸವೆಲ್ಲ ನನ್ನದು. ಮಾಡಿ ಮುಗಿಸಿದ ಪ್ರತಿ ವಾದ್ಯವನ್ನೂ ಮೊದಲು ನುಡಿಸುತ್ತಿದ್ದವನು ಅವನೇ. ಆಮೇಲೆ ಗಿರಾಕಿಗಳೇ ಬಂದು ನುಡಿಸಿ ನೋಡುವಂತಾಯಿತು. ಆಗೆಲ್ಲ ಅಣ್ಣ ಏನೋ ನೆಪ ಹೇಳಿ ಹಿತ್ತಲಿಗೆ ಹೋಗುತ್ತಿದ್ದ.

ಸ್ವಿಚ್ಚನ್ನು ಲೇತಿನ ಹತ್ತಿರಕ್ಕೆ ತರೋಣವೆಂದು ನಾನು ಎಷ್ಟೋ ಬಾರಿ ಹೇಳಿದೆ. ಅವನು ಒಪ್ಪಲಿಲ್ಲ.

"ಪಾಪದ ಸ್ವಿಚ್ಚೇನು ಮಾಡ್ತು? ಬಡಿದೋನು ನಾನು. ಹೋಗಿರೋ ಬೆರಳೂ ಎರಡು, ಬಡಿಯೋದೂ ಎರಡು. ಲೆಕ್ಕ ಸರಿಹೋಯ್ತು," ಎಂದು ನಗುತ್ತಿದ್ದ.

ಮುಂದಿನ ಕೋಣೆಯಲ್ಲಿ ಅತ್ತಿಗೆಯ ಹೊಲಿಗೆ. ಒಂದು ದಿನ ಬಾಯಲ್ಲಿದ್ದ ಗುಂಡುಪಿನ್ನು ತೆಗೆದು ಅವಳೆಂದಳು: "ನಿಮ್ಮಣ್ಣಂಗೆ ಇರೋ ಬೆರಳಿಗೆ ಒಂದಿನಾನೂ ಏನೂ ಆಗಲ್ಲ ಕಣಮ್ಮ. ಇಲ್ದೇ ಇರೋವೇ ಮೂರು ಹೊತ್ತೂ ತುರಿಸುತ್ವಂತೆ. ಗಾಳೀನ ಕೆರೀಲಾ ನಾನು?"

ಅಂದೇ ತೀರ್ಮಾನಿಸಿದೆ. ಇದ್ದ ಮೂರು ಬೆರಳಿಗೇ ಹೊಂದುವ ಗಿಟಾರೊಂದನ್ನು ಕಟ್ಟುವೆ. ಅಣ್ಣ ಮತ್ತೆ ನುಡಿಸಿದರೆ ನನ್ನ ತಪ್ಪು ತೀರಿದಂತೆ, ಬಾಯಿ ಬಿಡುವ ಅಗತ್ಯವೂ ಇಲ್ಲ. ನನ್ನ ಆಸೆ ಅಷ್ಟೇ ಇತ್ತು. ನನ್ನ ಹೇಡಿತನವೂ ಅಷ್ಟೇ.

ನಮ್ಮಲ್ಲಿ ಎಡಗೈ ಹಿಡಿಯುವ ಉದ್ದನೆಯ ಕತ್ತನ್ನು ಅಳತೆಯಿಲ್ಲದೆ ಕೆತ್ತುವುದಿಲ್ಲ. ಗಿರಾಕಿಯ ಎಡಗೈಯನ್ನು ಕಂದು ಕಾಗದದ ಮೇಲೆ ಇರಿಸಿ ಸುತ್ತ ಪೆನ್ಸಿಲು ಎಳೆಯುತ್ತೇವೆ. ಆ ಕಾಗದ ನೋಡಿ ಗಿಟಾರಿನ ಕತ್ತಿನ ಅಗಲ, ದಪ್ಪ, ಬೆನ್ನಿನ ಉಬ್ಬು ನಿರ್ಧಾರವಾಗುತ್ತವೆ. ಅಣ್ಣನ ಕೈಯನ್ನು ಹೊಸದಾಗಿ ಕೇಳಿದರೆ ಗುಟ್ಟು ಬಯಲಾಗುತ್ತಿತ್ತು. ಮೊಳೆಗೆ ಚುಚ್ಚಿಟ್ಟ ಹಳೆಯ ಕಾಗದಗಳ ಅಡಿಯಲ್ಲಿ ಅವನ ಕೈ ಸಿಕ್ಕಿತು. ಐದು ಬೆರಳಿನದು. ಕೊನೆಯ ಎರಡು ಬೆರಳುಗಳನ್ನು ಹಿಂದಕ್ಕೆ ಮಡಚಿ, ಉಗುರಿನಿಂದ ಗೀರಿ, ಬೆಂಚಿನ ಮುಂದೆ ಅಂಟಿಸಿದೆ.

ಮರುದಿನ ಬೆಳಿಗ್ಗೆ ಮಡಿಕೆ ಬಿಚ್ಚಿಕೊಂಡಿತ್ತು.

ಹಳೆಯ ಕಾಗದ, ಸೆಟೆದುಕೊಂಡಿರಬೇಕು ಎಂದುಕೊಂಡೆ. ಮತ್ತೆ ಮಡಚಿ, ಅತ್ತಿಗೆಯ ಪೆಟ್ಟಿಗೆಯಿಂದ ಎರಡು ಗುಂಡುಪಿನ್ನು ತಂದು ಚುಚ್ಚಿದೆ. ಅದರ ಮರುದಿನ ಪಿನ್ನುಗಳು ಬೆಂಚಿನ ಮೇಲೆ ಜೊತೆಜೊತೆಯಾಗಿ ಬಿದ್ದಿದ್ದವು. ಐದು ಬೆರಳೂ ಚಾಚಿಕೊಂಡಿದ್ದವು.

ನಾನು ಕೆಲಸ ನಿಲ್ಲಿಸಲಿಲ್ಲ. ಮಹಾಗನಿ ತುಂಡನ್ನು ಒಂದು ತುದಿಯಲ್ಲಿ ಓರೆಯಾಗಿ ಸೀಳಿ, ಸೀಳಿದ ಚೂರನ್ನು ಮಗುಚಿ ಅದೇ ಓರೆಗೆ ಅಂಟಿಸಿದೆ. ಹೀಗೆ ಮಾಡಿದರೆ ಗಿಟಾರಿನ ತಲೆ ಹಿಂದಕ್ಕೆ ಬಾಗುತ್ತದೆ, ಮರದ ಎಳೆಯೂ ಕಡಿಯುವುದಿಲ್ಲ. ತಲೆ ಕತ್ತನ್ನು ಸೇರುವ ಕಡೆ ಸುಲಭವಾಗಿ ಮುರಿಯುತ್ತದೆಂದು ಅಲ್ಲಿ ಹಿಂಬದಿಗೆ ಸಣ್ಣದೊಂದು ಉಬ್ಬು ಬಿಟ್ಟೆ. ಮಾಮೂಲಿ ಗಿಟಾರಿನ ತಲೆಗೆ ಈಚೆಗೆ ಮೂರು, ಆಚೆಗೆ ಮೂರು, ತಂತಿ ಬಿಗಿಯುವ ಬಿರಡೆ ಹಾಕುತ್ತೇವೆ. ಅಣ್ಣನಿಗಾಗಿ ಆರನ್ನೂ ಹೆಬ್ಬೆರಳಿನ ಕಡೆಗೇ ಸಾಲಾಗಿಟ್ಟೆ. ಹೆಬ್ಬೆರಳು, ತೋರುಬೆರಳು ಎರಡರಿಂದಲೇ ಶ್ರುತಿ ಮಾಡಬಹುದು. ತಂತಿಗಳು ಸೊಟ್ಟಗಾಗದೆ ನೇರವಾಗಿ ಬಿರಡೆ ಸೇರಲೆಂದು ತಲೆಯ ಅಂಚನ್ನು ಓರೆಯಾಗಿ ಕೊರೆದೆ. ಕತ್ತಿನ ಬೆನ್ನನ್ನು ಹೆಬ್ಬೆರಳಿನ ಪಕ್ಕ ತೆಳ್ಳಗೆ ಮಾಡಿದೆ. ಆ ಕಡೆಯಿಂದ ಸುತ್ತಿಬಂದು ಹೆಬ್ಬೆರಳೇ ದಪ್ಪ ತಂತಿಯನ್ನು ಒತ್ತಬಹುದು. ಹೋದ ಬೆರಳುಗಳ ಕೆಲಸವನ್ನು ಉಳಿದವುಗಳಿಗೆ ಹಂಚಿಕೊಡುವ ಕತ್ತು ಅದು. ನನ್ನ ಕೈಯಿಂದ ಅಷ್ಟು ಚೆಂದದ ಕೆಲಸ ಹಿಂದೆಂದೂ ಆಗಿರಲಿಲ್ಲ.

ಕರಿಮರದ ಪಟ್ಟಿಯನ್ನು ಮೇಲೆ ಅಂಟಿಸಿ, ಅಡ್ಡಕ್ಕೆ ಲೋಹದ ಮೆಟ್ಟುಗಳನ್ನು ಕೂರಿಸಿ, ಎರಡು ದಿನ ಬಿಗಿದಿಟ್ಟೆ. ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದೆ. ಯಾರೂ ಮುಟ್ಟದ ಆ ಹೊಸ ಪಟ್ಟಿಯ ಮೇಲೆ, ಕೆಳಗಿನ ತಂತಿಗಳು ಹಾಯುವ ಕಡೆ, ಎರಡು ಸಣ್ಣ ಗುಳಿಗಳಿದ್ದವು. ವರ್ಷಾನುಗಟ್ಟಲೆ ನುಡಿಸಿದ ವಾದ್ಯದಲ್ಲಿ ಮಾತ್ರ ಬೀಳುವಂಥ, ನುಣ್ಣಗೆ ಸವೆದ ಗುಳಿಗಳು. ಉಂಗುರ ಬೆರಳು ಮತ್ತು ಕಿರುಬೆರಳು ಕೂರುವ ಜಾಗ. ಉಜ್ಜು ಕಾಗದ ಹಾಕಿ ತಿಕ್ಕಿ ಸಮ ಮಾಡಿದೆ. ಊಟ ಮುಗಿಸಿ ಬರುವಷ್ಟರಲ್ಲಿ ಗುಳಿಗಳು ಮತ್ತೆ ಬಿದ್ದಿದ್ದವು.

ಬಟ್ಟಲು ಬೇಕೆಂದಾಗ ಅಣ್ಣ ಕೇಳಿದ: "ಗಿರಾಕಿ ಯಾರು?"

"ಹೊಸಬ್ರು. ಎಡಗೈ ಸ್ವಲ್ಪ ತೊಂದ್ರೆ ಅಂತೆ."

"ಹೌದಾ? ನಂಗಿಂತ ತೊಂದ್ರೆನಾ?" ಎಂದವನು ನನ್ನ ಮುಖವನ್ನು ಒಂದು ಗಳಿಗೆ ಹೆಚ್ಚಾಗಿಯೇ ನೋಡಿ ಲೇತಿಗೆ ಹೋದ. ಸ್ಪ್ಯಾನರಿನಿಂದ ಎರಡು ಬಾರಿ ಬಡಿದ. ಬೆರಳು ಕಳೆದುಕೊಂಡ ಮೇಲೆ ಅವನು ಬಡಿಯುತ್ತಿದ್ದುದು ಸ್ಪ್ಯಾನರಿನಿಂದಲೇ. ಅದಕ್ಕೂ ಮೊದಲು ಎಡಗೈಯ ಉಂಗುರ ಬೆರಳು ಮಡಚಿ, ಗೆಣ್ಣಿನಿಂದ ಬಡಿಯುತ್ತಿದ್ದ. ಎರಡನ್ನೂ ಎಣಿಸಿ ಸ್ವಿಚ್ಚು ಹಾಕಿದೆ. ಬಟ್ಟಲು ಕನ್ನಡಿಯಂತೆ ಹೊಳೆಯುತ್ತ ಹೊರಬಂತು.

ಅದನ್ನು ಗಿಟಾರಿನ ಹೊಟ್ಟೆಯಲ್ಲಿ ಕೂರಿಸಿ, ನಡುವೆ ತಂತಿಗಳನ್ನು ಹೊರುವ ಕುದುರೆ ಇಟ್ಟು, ತೂತುಗಳ ಲೋಹದ ಮುಚ್ಚಳವನ್ನು ಬಿಗಿದೆ. ಇನ್ನೂ ತಂತಿ ಕಟ್ಟಿರಲಿಲ್ಲ. ಫ್ಯಾನು ನಿಂತಿತ್ತು. ಅಣ್ಣ ಹಿತ್ತಾಳೆ ಸ್ಕ್ರೂ ತರಲು ಪೇಟೆಗೆ ಹೋಗಿದ್ದ.

ಟಕ್.

ಅಭ್ಯಾಸಬಲದಿಂದ ಲೇತಿನ ಕಡೆ ತಿರುಗಿದೆ. ಅಲ್ಲಿ ಯಾರೂ ಇರಲಿಲ್ಲ. ಸದ್ದು ಬಂದದ್ದು ನನ್ನ ತೊಡೆಯ ಮೇಲಿದ್ದ ಗಿಟಾರಿನಿಂದ. ಸ್ಪ್ಯಾನರಿನ ಸದ್ದಲ್ಲ, ಕಬ್ಬಿಣದ ಮೇಲೆ ಮೂಳೆಯ ಸದ್ದು. ಏಳು ವರ್ಷಗಳಿಂದ ನಾನು ಕೇಳದೆ ಇದ್ದ ಸದ್ದು.

ಎರಡನೆಯದಕ್ಕೆ ಕಾದೆ. ಬರಲಿಲ್ಲ.

ಅಂದಿನಿಂದ ದಿನವೂ ಮಧ್ಯಾಹ್ನ ಅದೇ ಹೊತ್ತಿಗೆ ಬಡಿತ ಬರತೊಡಗಿತು. ದಿನವೂ ಒಂದೇ. ಲೋಹ ಬಿಸಿಲಿಗೆ ಹಿಗ್ಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ನೆರಳಿನಲ್ಲಿಟ್ಟೆ, ಬಟ್ಟೆ ಸುತ್ತಿಟ್ಟೆ.

"ಯಾರಮ್ಮಾ ಅದು?" ಮುಂದಿನ ಕೋಣೆಯಿಂದ ಅತ್ತಿಗೆ ಕೂಗಿದಳು. "ಸೊಂಟದ ಅಳತೆ ಕೊಡೋಕೆ ನಾಚ್ಕೊಳ್ಳೋರ ಥರ ಒಂದ್ಸಲ ತಟ್ಟಿ ಸುಮ್ನಾಗ್ತಾರೆ! ಬಾಗಿಲು ತೆಗೆದ್ರೆ ಯಾರೂ ಇರಲ್ಲ!"

ವಾದ್ಯವನ್ನು ಬಿಚ್ಚಿಹಾಕಿಬಿಡಬೇಕೆಂದು ಸ್ಕ್ರೂ ಡ್ರೈವರ್ ಹಿಡಿದದ್ದೂ ಉಂಟು. ಆದರೆ ಹಿತ್ತಲಿನಲ್ಲಿ ಬೆನ್ನು ಹಾಕಿ ನಿಲ್ಲುವ ಅಣ್ಣನ ನೆನಪಾಗಿ ಕೈ ಬರಲಿಲ್ಲ. ಮರುದಿನ ಊಟಕ್ಕೆ ಮೊದಲೇ ತಂತಿ ಕಟ್ಟಿ ಅವನನ್ನು ಕರೆದೆ.

"ಗಿರಾಕಿ ನೀನೇ ಅಣ್ಣ," ಎಂದೆ.

ಅವನು ಬೆಂಚಿನ ಬಳಿ ಬಂದು ಕೂತ. ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಕತ್ತು ಹಿಡಿದ. ಮೂರು ಬೆರಳು ತಮ್ಮ ತಮ್ಮ ಜಾಗಕ್ಕೆ ತಾವಾಗಿಯೇ ಹೋಗಿ ಕೂತವು. ಒಂದೊಂದೇ ಬಿರಡೆ ತಿರುಗಿಸಿದ. "ಎಲ್ಲಾ ಒಂದೇ ಕಡೆ ಇಟ್ಟಿದೀಯ. ಬುದ್ಧಿವಂತೆ ಕಣೇ ನೀನು," ಎಂದ. ಆಮೇಲೆ ಬಲಗೈ ಆಡಿಸಿದ.

ಹೊಟ್ಟೆಯ ಬಟ್ಟಲು ದನಿ ಬಿಟ್ಟಿತು. ಹೊಲಿಗೆ ಯಂತ್ರ ನಿಂತಿತು. ಕೊರಳಲ್ಲಿ ಟೇಪು ಹಾಕಿಕೊಂಡೇ ಅತ್ತಿಗೆ ಓಡಿಬಂದಳು. "ಅಯ್ಯೋ, ಹಳೇ ಹಾಡು! ಹಾಗೇ ಇದೆಯಲ್ರೀ!"

ಹಾಗೆಯೇ ಇತ್ತು. ಅದೇ ನನ್ನನ್ನು ಹೆದರಿಸಿದ್ದು. ಈ ಕತ್ತಿನಲ್ಲಿ ಮೂರು ಬೆರಳಿಗೆ ಎಷ್ಟು ಸ್ವರ ಸಿಗುತ್ತದೆಂದು ನನಗೆ ಗೊತ್ತು, ಕೆತ್ತಿದವಳು ನಾನು. ಕೇಳುತ್ತಿದ್ದುದು ಐದು ಬೆರಳಿನ ನುಡಿಸಾಣಿಕೆ. ಕೆಳಗಿನ ಎರಡು ತಂತಿಗಳು, ಮೇಲೆ ಯಾವ ಬೆರಳೂ ಇಲ್ಲದೆ, ಆ ಗುಳಿಗಳ ಮೇಲೆ ಒಳಕ್ಕೆ ತಗ್ಗುತ್ತಿದ್ದವು, ಏಳುತ್ತಿದ್ದವು.

ಅಣ್ಣನ ಕಣ್ಣು ಮುಚ್ಚಿತ್ತು. "ತುರಿಕೆ ನಿಂತ್ಹೋಯ್ತು," ಎಂದು ಪಿಸುಗುಟ್ಟಿದ.

ನಾನು ಗೆದ್ದೆ ಎಂದುಕೊಂಡೆ. ಹಾಡು ಮುಗಿಯಿತು. ಕೊನೆಯ ಸ್ವರವೂ ಅಡಗಿತು.

ಟಕ್.

ಅಣ್ಣ ಕಣ್ಣು ತೆರೆದ. ಆ ಗೆಣ್ಣು ಯಾರದೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಕೈಯನ್ನು ತಂತಿಗಳ ಮೇಲೆ ಹಾಗೇ ತಡೆದು ಕೂತ. ಅತ್ತಿಗೆ ಒಮ್ಮೆ ಅವನನ್ನು ನೋಡಿದಳು, ಒಮ್ಮೆ ನನ್ನನ್ನು. ನಾವು ಮೂವರೂ ಕಾದೆವು.

"ಇನ್ನೊಂದೆಲ್ಲಿ?" ಎಂದು ಕೇಳಿದ ಅಣ್ಣ. ಗಿಟಾರನ್ನಲ್ಲ, ನನ್ನನ್ನು.

ಲೋಹ, ಬಿಸಿಲು ಎಂಬ ಮಾತುಗಳೆಲ್ಲ ನಾಲಿಗೆಯ ತುದಿಗೆ ಬಂದಿದ್ದವು. ಅವನ ಕೈ ನೋಡಿದೆ.

"ಇನ್ನೊಂದು ಇರ್ಲಿಲ್ಲ ಅಣ್ಣ. ಅವತ್ತು ನೀನು ಒಂದೇ ಬಡಿದಿದ್ದು. ನಾನು ಕಾಯ್ಲಿಲ್ಲ."

ಅತ್ತಿಗೆಯ ಕೊರಳಿನ ಟೇಪು ಜಾರಿ ನೆಲಕ್ಕೆ ಬಿತ್ತು. ಅಣ್ಣ ಗಿಟಾರನ್ನು ಮೆಲ್ಲಗೆ ಬೆಂಚಿನ ಮೇಲೆ ಮಲಗಿಸಿದ. ಎದ್ದು ಲೇತಿನ ಮುಂದೆ ಹೋಗಿ ನಿಂತ. ಹೊಸ ತಗಡೊಂದನ್ನು ಕೂರಿಸಿದ.

"ಹೋಗು. ಸ್ವಿಚ್ಚಿನ ಹತ್ರ ನಿಂತ್ಕೋ."

"ಬೇಡ ಅಣ್ಣ..."

"ನಿಂತ್ಕೋ ಅಂದೆ."

ನಿಂತೆ. ಬೆರಳನ್ನು ಸ್ವಿಚ್ಚಿನ ಮೇಲಿಟ್ಟೆ. ಅವನು ಸ್ಪ್ಯಾನರನ್ನು ಪಕ್ಕಕ್ಕಿಟ್ಟು, ಎಡಗೈಯ ನಡುಬೆರಳನ್ನು ಮಡಚಿ ಹಾಸಿನ ಮೇಲೆ ಒಮ್ಮೆ ಬಡಿದ. ನಂತರ ಆ ಕೈಯನ್ನು ತಗಡಿನ ಅಂಚಿಗೆ ಇಟ್ಟ, ಅಂದು ಇಟ್ಟಂತೆಯೇ. ನಾನು ಅವನ ಕೈಯಿಂದ ಕಣ್ಣು ಕೀಳಲಿಲ್ಲ. ಬೆವರು ಹುಬ್ಬು ದಾಟಿ ಕಣ್ಣಿಗಿಳಿಯಿತು. ಒರೆಸಿಕೊಳ್ಳಲಿಲ್ಲ.

ಟಕ್.

ಎರಡನೆಯದು ಬಂತು. ಸ್ಪಷ್ಟವಾಗಿ, ಅವಸರವಿಲ್ಲದೆ, ನನ್ನ ಪಕ್ಕದ ಬೆಂಚಿನ ಮೇಲಿದ್ದ ಗಿಟಾರಿನಿಂದ. ಹಾಕು.

ಬೆರಳು ಸ್ವಿಚ್ಚಿನ ಮೇಲೇ ಇತ್ತು. ಒತ್ತಲಿಲ್ಲ.

"ಯಾಕೆ ಹಾಕ್ಲಿಲ್ಲ?" ಎಂದ ಅಣ್ಣ.

"ನಿನ್ನ ಕೈ ಅಲುಗ್ಲಿಲ್ಲ ಅಣ್ಣ. ನೋಡ್ತಿದ್ದೆ."

"ಅವತ್ತೂ ಅಲುಗಿರ್ಲಿಲ್ಲ," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. "ಮೇನ್ ಆಫ್ ಮಾಡಿ ಸ್ಕ್ರೂ ಡ್ರೈವರ್ ತಗೊಂಡ್ಬಾ. ಸ್ವಿಚ್ಚು ಇಲ್ಲಿಗೆ ಬರ್ಲಿ."

ಸಂಜೆಯೊಳಗೆ ಸ್ವಿಚ್ಚು ಲೇತಿನ ಕಾಲಿನ ಬಳಿ ಬಂತು. ಅಣ್ಣನಿಗೆ ಈಗ ಯಾರೂ ಬೇಕಾಗಿಲ್ಲ, ಕಾಲಿನಿಂದ ಒತ್ತಿಕೊಳ್ಳುತ್ತಾನೆ. ನನ್ನೊಡನೆ ಕೆಲಸದ ಮಾತು ಆಡುತ್ತಾನೆ, ಅಳತೆ ಕೇಳುತ್ತಾನೆ. "ಕಣೇ" ಎನ್ನುವುದನ್ನು ಬಿಟ್ಟಿದ್ದಾನೆ. ದಿನವೂ ಊಟವಾದ ಮೇಲೆ ಆ ಗಿಟಾರ್ ನುಡಿಸುತ್ತಾನೆ. ಬೀದಿಯಲ್ಲಿ ಹೋಗುವವರು ನಿಂತು ಕೇಳುತ್ತಾರೆ. ಒಳಗೆ ಇಣುಕಿ ಅವನ ಕೈ ನೋಡಿದವರು ಮಾತ್ರ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅವನು ಮತ್ತೆ ನುಡಿಸಬೇಕೆಂದು ಬಯಸಿದ್ದೆ. ನುಡಿಸುತ್ತಿದ್ದಾನೆ.

ಹಾಡು ಮುಗಿದ ಮೇಲೆ ಒಂದು ಬಡಿತ ಇದ್ದೇ ಇದೆ. ಅಣ್ಣ ಅದನ್ನು ಕೇಳಿಸಿಕೊಂಡಂತೆ ತೋರಿಸಿಕೊಳ್ಳುವುದಿಲ್ಲ. ನಾನು ಈ ತುದಿಯಲ್ಲಿ ಮರಕ್ಕೆ ರಂದ ಹಾಕುತ್ತಿರುತ್ತೇನೆ. ಗೋಡೆಯ ಮೇಲೆ ಸ್ವಿಚ್ಚಿದ್ದ ಕಡೆ ಈಗ ಸ್ಕ್ರೂ ಕಿತ್ತ ನಾಲ್ಕು ತೂತುಗಳು, ನಡುವೆ ಬಣ್ಣ ಕಾಣದ ಒಂದು ಚೌಕ.

ಟಕ್.

ರಂದ ನಿಲ್ಲುತ್ತದೆ. ಬಲಗೈ ನನ್ನನ್ನು ಕೇಳದೆ ಮೇಲೇಳುತ್ತದೆ, ಆ ಚೌಕದ ನಡುವೆ ಹೋಗಿ ಬೆರಳಿಡುತ್ತದೆ. ಪ್ರತಿದಿನವೂ, ಮೊದಲನೆಯ ಬಡಿತಕ್ಕೇ.