ತಾನಾಗೇ ಹೋಗ್ತದ

ಕಣ್ಣಿನ ಆಸ್ಪತ್ರೆಯ ಕಡೆ ತಿರುಗಬೇಕಾದ ಕಾರು ನೆಟ್ಟಗೆ ಕಮಲಾಪುರದ ರಸ್ತೆ ಹಿಡಿದಿತ್ತು. ತಿರುಗಿಸದೆ ಬಿಟ್ಟವನು ತಾನೇ ಎಂಬುದು ನೀಲಕಂಠನಿಗೆ ಕಲಬುರಗಿ ದಾಟಿದ ಮೇಲೆ ಹೊಳೆಯಿತು.

ಹಿಂದಿನ ಸೀಟಿನಲ್ಲಿ ತಾಯಿ ಶಂಕ್ರಮ್ಮ, ಅವಳ ತೊಡೆಯ ಮೇಲೆ ಅವನ ಎರಡು ವರ್ಷದ ಮಗಳು ಮಲ್ಲಿಕಾ. ಮಗುವಿನ ಮುಖದ ತುಂಬ ಹಳದಿ ಗುಳ್ಳೆ. “ಮೈಮ್ಯಾಲ ದೇವಿ ಅವ್ವ ಬಂದ ಕೂಸಿಗಿ ಡಾಕ್ಟರ್ ಯಾಕ ಬೇಕು?” ಎಂದು ಶಂಕ್ರಮ್ಮ ಬೆಳಿಗ್ಗೆ ಚರ್ಮದ ದವಾಖಾನೆಯ ಹೊರಗೇ ಕೂತಿದ್ದಳು.

“ಕ್ಯಾನ್ಸರ್ ಅಲ್ರೀ. ನಾಲ್ಕೈದು ವರ್ಷದಾಗ ತಾನಾಗೇ ಹೋಗ್ತದ,” ಎಂದಿದ್ದರು ಚರ್ಮದ ಡಾಕ್ಟರ್ ಪರ್ವೇಜ್. “ಆದ್ರ ಇದು ಒಮ್ಮೊಮ್ಮೆ ಒಳಗೂ ಏಳ್ತದ, ಕಣ್ಣಾಗೂ ಏಳ್ತದ. ಎಡಗಣ್ಣು ಕೆಂಪದ. ಇವತ್ತೇ ಕಣ್ಣಿನವರಿಗಿ ತೋರಸ್ರಿ. ತಡ ಮಾಡಿದ್ರ ದೃಷ್ಟಿ ಹೋಗಬಹುದು.”

ಮೊದಲ ಮಾತನ್ನು ನೀಲಕಂಠ ಗಟ್ಟಿಯಾಗಿ ಹಿಡಿದುಕೊಂಡ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುವವನು. ಎರಡನೆಯದು ಅರ್ಥವಾಗದೆ ಇರಲಿಲ್ಲ. ಅರ್ಥವಾದದ್ದೇ ತೊಂದರೆ. ಅಪ್ಪನ ಕೆಮ್ಮು, ಹೆಂಡತಿಯ ಮೌನ, ಎಲ್ಲದಕ್ಕೂ ಅವನು ಮಾಡಿದ ಔಷಧಿ ಒಂದೇ: ತಾನಾಗಿಯೇ ಹೋಗುವವರೆಗೆ ಕಾಯುವುದು. ಅಪ್ಪ ಹೋದ. ಮೌನ ಹೋಗಲಿಲ್ಲ.

ಬ್ಯಾಂಕಿನಿಂದ ಹೆಂಡತಿ ಭುವನೇಶ್ವರಿಯ ಫೋನು ಬಂತು.

“ಏನಂದ್ರು ರೀ?”

“ಏನಿಲ್ಲ. ತಾನಾಗೇ ಹೋಗ್ತದಂತ.”

“ಕಣ್ಣಿಂದು ಕೇಳಿದ್ರಿ?”

“ಸಿಗ್ನಲ್ ಇಲ್ಲ ಇಲ್ಲಿ,” ಎಂದ. ಅವಳ ಉಸಿರು ಕೂಡ ಸ್ಪಷ್ಟವಾಗಿ ಕೇಳುತ್ತಿತ್ತು.

ಕಮಲಾಪುರದ ಮನೆ ಸೇರಿದ್ದೇ ತಡ, ಶಂಕ್ರಮ್ಮ ಬಾಗಿಲಿಗೆ ಬೇವಿನ ತೊಪ್ಪಲು ಸಿಕ್ಕಿಸಿದಳು. ಅಡುಗೆಗೆ ಒಗ್ಗರಣೆ ಬಂದ್.

“ಅವ್ವ ಕಣ್ಣಾಗ ಇಳದಾಳ. ಬೆಳಕು ಆಗಿಬರಂಗಿಲ್ಲ. ಆಕಿ ಹೋಗೋತನಕ ಕೂಸಿನ್ನ ಹೊಸ್ತಿಲ ದಾಟಸಬ್ಯಾಡ.”

ಇಂಥ ಮಾತಿಗೆ ಅವನು ಯಾವಾಗಲೂ ನಗುತ್ತಿದ್ದ. ಇವತ್ತು ಹಾಯೆನಿಸಿತು. ಹಾಗೆ ಅನಿಸಿದ್ದಕ್ಕೆ ತನ್ನ ಮೇಲೆ ಹೇಸಿಗೆಯೂ ಆಯಿತು.

ಕಿಟಕಿಯ ಬಳಿ ಕೂತಿದ್ದ ಮಗುವಿನ ಮುಂದೆ ಊರಿನ ಕೆಂಪು ಬಾಳೆಹಣ್ಣೊಂದನ್ನು ಹಿಡಿದ. ಮಲ್ಲಿಕಾ ನಕ್ಕು ಕೈ ಚಾಚಿದಳು. ಹಣ್ಣಿನ ಪಕ್ಕದ ಗಾಳಿಯನ್ನು ಹಿಡಿದಳು. ಮತ್ತೆ ಚಾಚಿದಳು. ಮತ್ತೆ ಗಾಳಿ.

“ಕಿಟಕಿ ಹಾಕೋ ತಮ್ಮಾ,” ಎಂದಳು ಶಂಕ್ರಮ್ಮ ಒಳಗಿನಿಂದ.

ಕಾರಿನ ಕೀಲಿ ಜೇಬಿನಲ್ಲೇ ಇತ್ತು. ಕಲಬುರಗಿ ದೂರವೇನಲ್ಲ.

ಹಣ್ಣು ಕೆಳಗಿಟ್ಟು ಎದ್ದು ಕಿಟಕಿ ಹಾಕಿದ. ಕೋಣೆ ಕತ್ತಲಾಯಿತು. ಕತ್ತಲಲ್ಲಿ ಯಾರ ಕೈಯಾದರೂ ತಪ್ಪುತ್ತದೆ ಎಂದುಕೊಂಡ. ಹಣ್ಣು ಎಲ್ಲಿಟ್ಟೆನೆಂದು ಈಗ ಅವನೂ ನೆಲ ತಡಕಾಡತೊಡಗಿದ. ಕೈಗೆ ಸಿಕ್ಕಿದ್ದು ಪುಟ್ಟ ಕೈ. ಅದು ಅವನದನ್ನು ಸರಿಸಿ, ಮತ್ತೆ ಹುಡುಕತೊಡಗಿತು.